ಒಬ್ಬ ಕರ್ನಲ್ ತನ್ನ ನಂಬಿಕೆ ಬಿಟ್ಟ ಬಗೆ

ಇರಾಕ್ ಯುದ್ಧಭೂಮಿ ಕಂಡುಬಂದ ಮೂವರು 2025ರ ಆರಂಭದಲ್ಲಿ ಅಮೆರಿಕದ ಆಡಳಿತದ ಮೊದಲ ಸಾಲಿನಲ್ಲಿ ಬಂದು ಕೂತರು: ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್ಸೆತ್, ರಾಷ್ಟ್ರೀಯ ಗುಪ್ತಚರ ನಿರ್ದೇಶಕಿ ತುಳಸಿ ಗಬ್ಬಾರ್ಡ್. ಮೂವರೂ ಟಿವಿಯಲ್ಲೋ ಪತ್ರಿಕೆಯಲ್ಲೋ ರಾಜಕೀಯ ಮಾತಾಡಿ ಹೆಸರು ಮಾಡಿದವರು. ಹಿಂದೆ ಆಡಿದ್ದ ಮಾತನ್ನು ಮುಂದೆ ನುಂಗಿಕೊಂಡವರು ಕೂಡ. 2007ರ ಹೊತ್ತಿಗೆ ಹೆಗ್ಸೆತ್, ಇರಾಕಿಗೆ ಇನ್ನಷ್ಟು ಸೈನ್ಯ ಕಳಿಸಿ ಎಂದು ಪ್ರಚಾರ ಮಾಡುತ್ತಿದ್ದ ಮಾಜಿ ಸೈನಿಕರ ಸಂಘಟನೆಯೊಂದರ ಮುಂದಾಳು. ಆಮೇಲೆ ಫಾಕ್ಸ್ ನ್ಯೂಸ್ ನಿರೂಪಕರಾಗಿ ಟ್ರಂಪ್ ಪಾಳಯ ಸೇರಿದರು. ವ್ಯಾನ್ಸ್ 2016ರಲ್ಲಿ ಟ್ರಂಪ್ ವಿರುದ್ಧ ಕಟುವಾಗಿ ಬರೆದವರು. ಗಬ್ಬಾರ್ಡ್ 2020ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟು, 2022ರಲ್ಲಿ ಆ ಪಕ್ಷ ಬಿಟ್ಟು, 2024ರಲ್ಲಿ ರಿಪಬ್ಲಿಕನ್ ಆದರು.

ಕೊನೆಮೊದಲಿಲ್ಲದ ಯುದ್ಧಗಳು ಸಾಕು ಎನ್ನುವ ಮಾತು ಈ ಪಾಳಯದ ಹೆಮ್ಮೆಯ ಬಂಡವಾಳವಾಗಿತ್ತು. ಪರೀಕ್ಷೆ ಬೇಗನೆ ಬಂತು. ಇರಾನ್ ಅಣ್ವಸ್ತ್ರ ತಯಾರಿಸುತ್ತಿಲ್ಲ ಎಂಬುದು ಗುಪ್ತಚರ ಸಂಸ್ಥೆಗಳ ಅಂದಾಜು ಎಂದು ಗಬ್ಬಾರ್ಡ್ 2025ರ ಮಾರ್ಚ್‌ನಲ್ಲಿ ಸಂಸತ್ತಿಗೆ ಹೇಳಿದ್ದರು. ಜೂನ್‌ನಲ್ಲಿ ಟ್ರಂಪ್, ಆಕೆ ಹೇಳಿದ್ದು ತಪ್ಪು ಎಂದುಬಿಟ್ಟರು. ಅಧ್ಯಕ್ಷರಿಗೂ ತಮಗೂ ಭಿನ್ನಾಭಿಪ್ರಾಯವೇ ಇಲ್ಲ, ಮಾಧ್ಯಮದವರು ತಿರುಚಿದ್ದಾರೆ ಎಂದು ಗಬ್ಬಾರ್ಡ್ ಸಮಜಾಯಿಷಿ ಕೊಟ್ಟರು. ಜೂನ್ 22ರಂದು ಅಮೆರಿಕದ ವಿಮಾನಗಳು ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿದವು. ಇರಾನ್ ಜೊತೆ ಯುದ್ಧಕ್ಕಿಳಿಯುವುದು ಅಮೆರಿಕದ ಹಿತಕ್ಕೆ ಒಳ್ಳೆಯದಲ್ಲ ಎಂದು ಚುನಾವಣೆಗೆ ಮುಂಚೆ ಹೇಳಿದ್ದ ವ್ಯಾನ್ಸ್, ದಾಳಿಯನ್ನು ಸಮರ್ಥಿಸಲು ಟಿವಿ ಮುಂದೆ ಬಂದು ಕೂತರು.

ಯುದ್ಧ ನೋಡಿದವನ ಅಭಿಪ್ರಾಯ ಬದಲಾದರೆ ನಾವು ಅದಕ್ಕೆ ಒಂದು ತೂಕ ಹೆಚ್ಚೇ ಕೊಡುತ್ತೇವೆ. ಅನುಭವದಿಂದ ಬಂದ ಮಾತು ಎಂದು ನಂಬುತ್ತೇವೆ. ಆದರೆ ಗಾಳಿ ಬಂದಾಗ ತೂರಿಕೊಂಡವನಿಗೂ ನಿಜವಾಗಿ ಮನಸ್ಸು ತಿರುಗಿದವನಿಗೂ ವ್ಯತ್ಯಾಸ ಗುರುತಿಸುವುದು ಹೇಗೆ? ಯಾವ ಪಕ್ಷದ ಕಡೆ ವಾಲಿದರು ಎಂದು ನೋಡಿದರೆ ಏನೂ ತಿಳಿಯುವುದಿಲ್ಲ. ತಾರೀಖು ನೋಡಬೇಕು, ಬದಲಾದ ಮೇಲೆ ಕೈಗೆ ಬಂದದ್ದೇನು ಹೋದದ್ದೇನು ಎಂಬ ಲೆಕ್ಕ ನೋಡಬೇಕು. ಹಾಗೆ ನೋಡಿದರೆ ಇತ್ತೀಚಿನ ಅಮೆರಿಕದಲ್ಲಿ ಅತ್ಯಂತ ಕುತೂಹಲದ ಉದಾಹರಣೆ, ಯಾವತ್ತೂ ಅಧಿಕಾರಕ್ಕೇರದ ನಿವೃತ್ತ ಕರ್ನಲ್ ಆಂಡ್ರ್ಯೂ ಬೇಸವಿಚ್.

ಬೇಸವಿಚ್ ಹುಟ್ಟಿದ್ದು 1947ರಲ್ಲಿ, ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿ. ಕ್ಯಾಥೊಲಿಕ್ ಮನೆತನ. 1969ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಹೊರಬಿದ್ದು, 1970ರ ಬೇಸಿಗೆಯಿಂದ ಒಂದು ವರ್ಷ ವಿಯೆಟ್ನಾಂನಲ್ಲಿದ್ದರು. ಆ ಯುದ್ಧ ಆಗಲೇ ಕೈಬಿಟ್ಟು ಹೋಗಿತ್ತು. ಅವರ ಓರಗೆಯ ಎಷ್ಟೋ ಜನ ಅಲ್ಲಿಂದ ಯುದ್ಧವಿರೋಧಿಗಳಾಗಿ ಮರಳಿದರೆ ಬೇಸವಿಚ್ ಸೇನೆಯಲ್ಲೇ ಉಳಿದರು, ಮತ್ತು ಸೇನೆ ಹೇಳಿಕೊಟ್ಟಿದ್ದನ್ನೇ ನಂಬಿದರು: ಜಗತ್ತು ಎರಡು ಪಾಲಾಗಿದೆ, ಸೋವಿಯತ್ ಒಕ್ಕೂಟ ದೈತ್ಯ, ಅದನ್ನು ತಡೆದು ನಿಲ್ಲಿಸುವುದು ಅಮೆರಿಕದ ಕರ್ತವ್ಯ. 1982ರಲ್ಲಿ ಪ್ರಿನ್ಸ್‌ಟನ್‌ನಿಂದ ಅಮೆರಿಕದ ರಾಜತಾಂತ್ರಿಕ ಇತಿಹಾಸದಲ್ಲಿ ಪಿಎಚ್‌ಡಿ ಪಡೆದರೂ ಈ ನಂಬಿಕೆ ಅಲುಗಲಿಲ್ಲ. ಬಡ್ತಿಯ ಮೇಲೆ ಕಣ್ಣಿಟ್ಟ ಅಧಿಕಾರಿ ಏನನ್ನೂ ಕಲಿಯಲಾರ ಎಂಬ ಅರ್ಥದ ಮಾತನ್ನು ಮುಂದೆ ತಮ್ಮ ಬಗ್ಗೆಯೇ ಬರೆದುಕೊಂಡರು.

ತಮ್ಮ ನಿಜವಾದ ವಿದ್ಯಾಭ್ಯಾಸ ಶುರುವಾದದ್ದು ಬರ್ಲಿನ್‌ನಲ್ಲಿ ಎನ್ನುತ್ತಾರೆ ಬೇಸವಿಚ್. ಗೋಡೆ ಬಿದ್ದು ಹೆಚ್ಚು ಕಾಲವಾಗಿರಲಿಲ್ಲ. ಚಳಿಗಾಲದ ಒಂದು ಸಂಜೆ ಬ್ರಾಂಡೆನ್‌ಬರ್ಗ್ ದ್ವಾರದ ಬಳಿ ಹೋದರೆ, ಯುವಕರು ಸೋವಿಯತ್ ಸೇನೆಯ ಪದಕ, ಸಮವಸ್ತ್ರದ ಚೂರುಪಾರು, ಗಡಿಯಾರ ಎಲ್ಲ ಹರಡಿಕೊಂಡು ಮಾರುತ್ತಿದ್ದಾರೆ. ಸೋವಿಯತ್ ಟ್ಯಾಂಕ್ ದಳದ ಲಾಂಛನವಿದ್ದ ಒಂದು ಕೈಗಡಿಯಾರ ಕೊಂಡರು. ಕೆಲವೇ ದಿನಕ್ಕೆ ಅದು ನಿಂತುಹೋಯಿತು. 1990ರಲ್ಲಿ ಸಹೋದ್ಯೋಗಿಗಳ ಜೊತೆ ಪೂರ್ವ ಜರ್ಮನಿಯ ಯೇನಾಕ್ಕೆ, 1806ರಲ್ಲಿ ನೆಪೋಲಿಯನ್ ಗೆದ್ದ ರಣಭೂಮಿ ನೋಡಲು ಹೋದಾಗ ದಾರಿಯುದ್ದಕ್ಕೂ ಬಡ ಹಳ್ಳಿಗಳು, ಬಣ್ಣ ಕಳೆದುಕೊಂಡ ಮನೆಗಳು, ಹೊಗೆ ಉಗುಳುತ್ತ ಸಾಗುವ ಹಳೇ ಕಾಲದ ಸೋವಿಯತ್ ಲಾರಿಗಳ ಸಾಲು. ಇಪ್ಪತ್ತು ವರ್ಷ ತಾವು ಹೆದರಿದ್ದ ದೈತ್ಯ ಇದೇನಾ? ಬೆದರಿಕೆಯ ಗಾತ್ರದ ಬಗ್ಗೆ ವಾಷಿಂಗ್ಟನ್ ಹೇಳಿದ್ದು ಸುಳ್ಳಾಗಿದ್ದರೆ ಬೇರೆ ಏನೇನು ಸುಳ್ಳಿರಬಹುದು? ಇದು ರಾತ್ರೋರಾತ್ರಿ ಆದ ಜ್ಞಾನೋದಯವಲ್ಲ. ಸಂಶಯ ಶುರುವಾಯಿತು, ಅಷ್ಟೇ. ಅದು ಪುಸ್ತಕವಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ನಡುವೆ ಇನ್ನೊಂದು ಘಟನೆಯಿದೆ. 1991ರ ಬೇಸಿಗೆಯಲ್ಲಿ ಬೇಸವಿಚ್ 11ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟಿನ ಕಮಾಂಡರ್ ಆಗಿ ಕುವೈತ್‌ನಲ್ಲಿದ್ದರು. ಕೊಲ್ಲಿ ಯುದ್ಧ ಗೆದ್ದಾಗಿತ್ತು, ಇವರದು ಕಾವಲು ಕೆಲಸ. ಜುಲೈ 11ರಂದು ದೋಹಾ ಶಿಬಿರದಲ್ಲಿ (ಕತಾರ್‌ನ ದೋಹಾ ಅಲ್ಲ, ಕುವೈತ್ ನಗರದ ಬಳಿಯದು) ಮದ್ದುಗುಂಡು ಸಾಗಿಸುವ ವಾಹನವೊಂದರ ಹೀಟರ್‌ನಿಂದ ಬೆಂಕಿ ಹತ್ತಿತು. ಪಕ್ಕಪಕ್ಕದಲ್ಲೇ ನಿಲ್ಲಿಸಿದ್ದ, ಗುಂಡು ತುಂಬಿದ್ದ ವಾಹನಗಳು ಒಂದಾದ ಮೇಲೊಂದು ಸಿಡಿದವು. ಸುಮಾರು ನೂರು ವಾಹನ ಹಾಳಾದವು, ಐವತ್ತರಷ್ಟು ಜನ ಗಾಯಗೊಂಡರು. ಸಿಡಿಯದೆ ಉಳಿದ ಮದ್ದು ತೆರವು ಮಾಡುವಾಗ ಆ ತಿಂಗಳ ಕೊನೆಗೆ ಮೂವರು ಸೈನಿಕರು ಸತ್ತರು. ಶತ್ರುವಿನ ಒಂದು ಗುಂಡೂ ಹಾರಿರಲಿಲ್ಲ. ಹೊಣೆ ನನ್ನದು ಎಂದ ಬೇಸವಿಚ್‌ಗೆ ಜನರಲ್ ಹುದ್ದೆಯ ದಾರಿ ಅಲ್ಲಿಗೆ ಮುಚ್ಚಿತು. ಸ್ವಲ್ಪ ಕಾಲದಲ್ಲೇ ಕರ್ನಲ್ ಆಗಿಯೇ ನಿವೃತ್ತರಾದರು.

ಬಡ್ತಿ ತಪ್ಪಿದ ಸಿಟ್ಟಿಗೆ ಟೀಕಾಕಾರನಾದ ಎಂದು ಇಲ್ಲಿ ಸುಲಭವಾಗಿ ಷರಾ ಬರೆದುಬಿಡಬಹುದು. ಹಾಗಾಗಿದ್ದರೆ ಸಿಟ್ಟು 1992ರಲ್ಲೇ ಹೊರಬೀಳಬೇಕಿತ್ತು. ಆದದ್ದು ಬೇರೆ. ತೊಂಬತ್ತರ ದಶಕದಲ್ಲಿ ಬೇಸವಿಚ್ ಬರೆದದ್ದು ‘ವೀಕ್ಲಿ ಸ್ಟ್ಯಾಂಡರ್ಡ್’, ‘ನ್ಯಾಷನಲ್ ರಿವ್ಯೂ’ನಂಥ ಬಲಪಂಥೀಯ ಪತ್ರಿಕೆಗಳಿಗೆ. ಮುಂದೆ ಇರಾಕ್ ಯುದ್ಧಕ್ಕೆ ತಮಟೆ ಬಾರಿಸಿದ ಗುಂಪು ಇದೇ ಮೊದಲ ಪತ್ರಿಕೆಯ ಸುತ್ತ ಇತ್ತು. 1998ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ ಸೇರಿದ ಮೇಲೆ, ಬಲಪಂಥದವರು ಮೂಸಿಯೂ ನೋಡದ ಚಾರ್ಲ್ಸ್ ಬಿಯರ್ಡ್, ವಿಲಿಯಂ ಆ್ಯಪಲ್‌ಮನ್ ವಿಲಿಯಮ್ಸ್‌ರಂಥ ಇತಿಹಾಸಕಾರರನ್ನು ಗಂಭೀರವಾಗಿ ಓದಿಕೊಂಡರು. 2002ರಲ್ಲಿ ಬಂದ ಪುಸ್ತಕದಲ್ಲಿ ಕ್ಲಿಂಟನ್, ಬುಷ್ ಇಬ್ಬರದೂ ಒಂದೇ ಸಾಮ್ರಾಜ್ಯ ನೀತಿ ಎಂದರು. 2005ರಲ್ಲಿ, ಅಮೆರಿಕನ್ನರು ತಮ್ಮ ಸೇನಾಬಲದ ಮೋಹಕ್ಕೇ ಬಲಿಯಾಗಿದ್ದಾರೆ ಎಂದು ಇನ್ನೊಂದು ಪುಸ್ತಕ ಬರೆದರು. ಅಷ್ಟರಲ್ಲಿ ಇರಾಕ್ ಯುದ್ಧದ ಬಹಿರಂಗ ವಿರೋಧಿಯಾಗಿದ್ದರು.

ಈ ತಾರೀಖುಗಳನ್ನು ಒತ್ತಿ ಹೇಳಲು ಕಾರಣ 2007. ಆ ವರ್ಷ ಮೇ 13ರಂದು, ಇರಾಕಿನ ಸಲಾಹುದ್ದೀನ್ ಪ್ರಾಂತ್ಯದಲ್ಲಿ ಆತ್ಮಾಹುತಿ ದಾಳಿಗೆ ಸಿಕ್ಕು ಅವರ ಮಗ ಸತ್ತ. ಫಸ್ಟ್ ಲೆಫ್ಟಿನೆಂಟ್, 27 ವರ್ಷ, ತಂದೆಯದೇ ಹೆಸರು. ಇಂದಿಗೂ ಬಹಳ ಮಂದಿ ಬೇಸವಿಚ್ ಕಥೆಯನ್ನು ‘ಮಗನನ್ನು ಕಳಕೊಂಡು ಯುದ್ಧವಿರೋಧಿಯಾದ ಕರ್ನಲ್’ ಎಂದೇ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಹಿಂದುಮುಂದಾಗಿದೆ. ತಂದೆ ವಿರೋಧಿಸುತ್ತಿದ್ದ ಯುದ್ಧಕ್ಕೇ ಮಗ ಹೋಗಿದ್ದ.

ಮಗ ಸತ್ತ ಎರಡು ವಾರಕ್ಕೆ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಬರೆದ ಲೇಖನದಲ್ಲಿ ಅಳು ಕಡಿಮೆ, ಲೆಕ್ಕ ಹೆಚ್ಚು. ಸಂತಾಪ ಸೂಚಿಸಿ ಬಂದ ನೂರಾರು ಸಂದೇಶಗಳ ನಡುವೆ ಎರಡು ಹೀಗಿದ್ದವು: ನೀನು ಯುದ್ಧವನ್ನು ವಿರೋಧಿಸಿ ಶತ್ರುವಿಗೆ ಧೈರ್ಯ ತುಂಬಿದೆ, ನಿನ್ನ ಮಗನ ಸಾವಿಗೆ ನೀನೇ ಹೊಣೆ. ಇದನ್ನು ತಳ್ಳಿಹಾಕದೆ, ಮಗ ಸೈನಿಕನಾಗಿದ್ದಾಗ ತಂದೆಯ ಕರ್ತವ್ಯ ಏನು ಎಂಬ ಪ್ರಶ್ನೆಯನ್ನೇ ಅವರು ಎತ್ತಿಕೊಂಡರು. ಮಗ ತನ್ನ ಕರ್ತವ್ಯ ಮಾಡುತ್ತಿದ್ದ. ಯುದ್ಧ ತಪ್ಪು ಎಂದು ಪ್ರಜೆಯಾಗಿ ಹೇಳುವುದು ನನ್ನ ಕರ್ತವ್ಯ ಎಂದುಕೊಂಡಿದ್ದೆ ಎಂದು ಬರೆದರು. ಜನ 2006ರಲ್ಲಿ ಯುದ್ಧದ ವಿರುದ್ಧ ಮತ ಹಾಕಿ ಡೆಮಾಕ್ರಟರಿಗೆ ಸಂಸತ್ತು ಕೊಟ್ಟರೂ ಯುದ್ಧ ನಿಲ್ಲಲಿಲ್ಲ. ಸೆನೆಟರ್ ಕೆನಡಿ ಫೋನ್ ಮಾಡಿ ಸಂತಾಪ ಹೇಳಿದರು, ಸೆನೆಟರ್ ಕೆರಿ ಅಂತ್ಯಸಂಸ್ಕಾರದ ಪ್ರಾರ್ಥನೆಗೆ ಬಂದರು. ಯುದ್ಧ ನಿಲ್ಲಿಸಿ ಎಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ, ನನ್ನ ಕೈಯಲ್ಲೇನಿದೆ ಎಂಬ ಧಾಟಿಯದು. ಬೇಸವಿಚ್ ಇದನ್ನು ಯಾರ ಪಿತೂರಿಯೂ ಅಲ್ಲ ಎಂದರು. ಹಣ ಮಾತಾಡುವ ಕಡೆ ಪ್ರಜೆಯ ಮಾತಿಗೆ ಕಿವಿಯಿರುವುದಿಲ್ಲ, ವ್ಯವಸ್ಥೆ ಕೆಲಸ ಮಾಡುವುದೇ ಹಾಗೆ. ಒಬ್ಬ ಸೈನಿಕನ ಜೀವಕ್ಕೆ ಸರ್ಕಾರ ಎಷ್ಟು ಬೆಲೆ ಕಟ್ಟುತ್ತದೆ ಎಂದು ತಮಗೆ ಗೊತ್ತು, ಚೆಕ್ ಕೈಗೆ ಬಂದಿದೆ ಎಂದೂ ಬರೆದರು.

ಆಮೇಲೆ ಮಗನ ಸಾವನ್ನು ಚರ್ಚೆಯಲ್ಲಿ ಅಸ್ತ್ರ ಮಾಡಿಕೊಂಡವರಲ್ಲ. ಟಿವಿಯವರು ಆ ಕಡೆ ಎಳೆದರೂ ವಿಷಯಕ್ಕೆ ಮರಳುತ್ತಿದ್ದರು. ನನ್ನ ಮಟ್ಟಿಗೆ ಅವರ ಮಾತಿಗೆ ತೂಕ ಬರುವುದು ಅವರು ಕಳಕೊಂಡದ್ದರಿಂದ ಅಲ್ಲ, ಅದನ್ನು ಖರ್ಚು ಮಾಡದೆ ಇಟ್ಟುಕೊಂಡದ್ದರಿಂದ.

ಹಾಗಾದರೆ ಬದಲಾದದ್ದೇನು? ಬೇಸವಿಚ್ ಎಡಪಂಥಕ್ಕೆ ಹೋದರು ಎನ್ನುವವರಿಗೆ 2008ರ ಒಂದು ಲೇಖನ ತಲೆನೋವು. ‘ದ ಅಮೆರಿಕನ್ ಕನ್ಸರ್ವೇಟಿವ್’ ಪತ್ರಿಕೆಯಲ್ಲಿ ಒಬಾಮ ಅವರಿಗೆ ಮತ ಹಾಕಬೇಕೆಂದು ಬರೆದರು, ಸಂಪ್ರದಾಯವಾದಿಯಾಗಿಯೇ. ಸರ್ಕಾರದ ಹಸ್ತಕ್ಷೇಪ ಕಡಿಮೆಯಿರಬೇಕು, ಸಾಲ ಮಾಡಿ ಬದುಕಬಾರದು, ಕುಟುಂಬ ಮತ್ತು ಊರು ಉಳಿಯಬೇಕು ಎನ್ನುವವನು ಸಾಲದ ಹಣದಲ್ಲಿ ಪರದೇಶವನ್ನು ತಿದ್ದಲು ಹೊರಟ ಬುಷ್ ಪಕ್ಷವನ್ನು ಬೆಂಬಲಿಸುವುದು ಹೇಗೆ ಎಂಬುದು ಆ ವಾದದ ಧಾಟಿ. ಒಬಾಮ ಗೆದ್ದು ಅಫ್ಘಾನಿಸ್ತಾನಕ್ಕೆ ಇನ್ನಷ್ಟು ಸೈನ್ಯ ಕಳಿಸಿದಾಗ ಅದನ್ನೂ ಟೀಕಿಸಿದರು. ದೇವರು, ಕುಟುಂಬ, ಸಂಯಮದ ಬದುಕು ಇವುಗಳ ಬಗ್ಗೆ ಅವರ ನಿಲುವು 1980ರಲ್ಲಿದ್ದಂತೆಯೇ ಇದೆ. ಅಮೆರಿಕದ ಸೇನೆ ಯಾವುದಕ್ಕೆ ಇರುವುದು ಎಂಬ ಒಂದು ನಂಬಿಕೆ ಮಾತ್ರ ಪೂರ್ತಿ ತಿರುಗಿತು. ಎರಡನೇ ಮಹಾಯುದ್ಧ ಮುಗಿದಾಗಿನಿಂದ 1980ರವರೆಗೆ, ಅಫ್ಘಾನಿಸ್ತಾನವೂ ಸೇರಿದಂತೆ ವಿಶಾಲ ಪಶ್ಚಿಮ ಏಷ್ಯಾದಲ್ಲಿ ಹೋರಾಡಿ ಸತ್ತ ಅಮೆರಿಕದ ಸೈನಿಕರು ಇಲ್ಲವೆನ್ನುವಷ್ಟು ಕಡಿಮೆ, 1990ರ ನಂತರ ಬೇರೆಡೆ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ ಎಂದು 2016ರ ಪುಸ್ತಕದಲ್ಲಿ ತೋರಿಸಿದರು. ಕೊಲ್ಲಿಯ ಎಣ್ಣೆಗೆ ಸೇನೆಯ ಕಾವಲು ಎಂದು 1980ರ ಜನವರಿಯಲ್ಲಿ ಘೋಷಿಸಿದ ಅಧ್ಯಕ್ಷ ಜಿಮ್ಮಿ ಕಾರ್ಟರ್‌ರಿಂದ ಶುರುವಾದ ಒಂದೇ ಉದ್ದನೆಯ ಯುದ್ಧ ಅದು ಎಂಬುದು ಅವರ ವಾದ. ವಿಚಿತ್ರವೆಂದರೆ, ಆರೇ ತಿಂಗಳ ಹಿಂದೆ ಅದೇ ಕಾರ್ಟರ್ ಟಿವಿಯಲ್ಲಿ ಜನರಿಗೆ ಭೋಗ ಕಡಿಮೆ ಮಾಡಿ ಎಂದು ಬುದ್ಧಿ ಹೇಳಿದ್ದರು. ಆ ಭಾಷಣವನ್ನು ಈಗಲೂ ಮೆಚ್ಚುವ ಕೆಲವೇ ಅಮೆರಿಕನ್ನರಲ್ಲಿ ಬೇಸವಿಚ್ ಒಬ್ಬರು.

ಬದಲಾಗದೆ ಉಳಿದವರಿಗೆ ಏನು ಸಿಕ್ಕಿತು ಎಂಬುದನ್ನೂ ನೋಡಬೇಕು. 2008ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಡೇವಿಡ್ ಬಾರ್ಸ್ಟೊ ಒಂದು ದೊಡ್ಡ ವರದಿ ಪ್ರಕಟಿಸಿದರು, ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಟಿವಿ ವಾಹಿನಿಗಳಲ್ಲಿ ‘ಮಿಲಿಟರಿ ವಿಶ್ಲೇಷಕ’ರಾಗಿ ಕೂರುತ್ತಿದ್ದ ಹತ್ತಾರು ನಿವೃತ್ತ ಅಧಿಕಾರಿಗಳಿಗೆ ಪೆಂಟಗನ್ ಗುಟ್ಟಾಗಿ ಮಾತಿನ ಸರಕು ಒದಗಿಸುತ್ತಿತ್ತು, ಇರಾಕಿಗೆ, ಗ್ವಾಂಟನಾಮೊ ಸೆರೆಶಿಬಿರಕ್ಕೆ ಕರೆದೊಯ್ಯುತ್ತಿತ್ತು. ಅವರಲ್ಲಿ ಹೆಚ್ಚಿನವರು ರಕ್ಷಣಾ ಗುತ್ತಿಗೆ ಕಂಪನಿಗಳ ನಂಟಿನವರು. ಒಟ್ಟು ಲೆಕ್ಕ ಹಾಕಿದರೆ 150ಕ್ಕೂ ಹೆಚ್ಚು ಕಂಪನಿ. ನೋಡುವವರಿಗೆ ಇದಾವುದೂ ಗೊತ್ತಿಲ್ಲ. ನಿಯಮ ಮುರಿದಿಲ್ಲ ಎಂದು ರಕ್ಷಣಾ ಇಲಾಖೆಯ ತನಿಖೆ ಮುಂದೆ ಹೇಳಿತು, ಇರಬಹುದು. ಇನ್ನೊಂದು ಕಡೆ, ಇರಾಕಿನಲ್ಲಿ ಡಿವಿಷನ್ ಮುನ್ನಡೆಸಿದ್ದ ಮೇಜರ್ ಜನರಲ್ ಜಾನ್ ಬಟಿಸ್ಟ್ ನಿವೃತ್ತಿಯ ನಂತರ ಬುಷ್ ನೀತಿಯನ್ನು ಟೀಕಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ, ಸಲಹೆಗಾರರು ಪ್ರಚಾರ ಮಾಡುವಂತಿಲ್ಲ ಎಂದು ಸಿಬಿಎಸ್ ವಾಹಿನಿ ಅವರನ್ನು ಕೈಬಿಟ್ಟಿತು. ಆಪರೇಷನ್ ಸಿಂಧೂರದ ದಿನಗಳಲ್ಲಿ ನಮ್ಮ ವಾಹಿನಿಗಳಲ್ಲಿ ಸಂಜೆಯಾದರೆ ಸಾಲಾಗಿ ಕೂರುತ್ತಿದ್ದ ನಿವೃತ್ತರನ್ನು ನೋಡುವಾಗಲೂ ನನಗೆ ಇದೇ ಪ್ರಶ್ನೆ ಬರುತ್ತಿತ್ತು: ಇವರ ಈಗಿನ ಸಂಬಳ ಎಲ್ಲಿಂದ ಎಂದು ಪರದೆಯ ಕೆಳಗೆ ಒಂದು ಸಾಲು ಹಾಕಿದರೆ ಏನು ಕಷ್ಟ?

ಬೇಸವಿಚ್‌ಗಿಂತ ಸುಮಾರು ಎಪ್ಪತ್ತು ವರ್ಷ ಮೊದಲೇ ಇದೇ ದಾರಿ ತುಳಿದವರೊಬ್ಬರಿದ್ದರು, ಮರೀನ್ ದಳದ ಮೇಜರ್ ಜನರಲ್ ಸ್ಮೆಡ್ಲಿ ಬಟ್ಲರ್. ಚೀನಾ, ಫಿಲಿಪೀನ್ಸ್, ನಿಕರಾಗುವ, ಮೆಕ್ಸಿಕೊ, ಹೈಟಿ ಎಲ್ಲ ಕಡೆ ಹೋರಾಡಿ, ಅಮೆರಿಕದ ಅತ್ಯುನ್ನತ ಶೌರ್ಯ ಪದಕವನ್ನು ಎರಡು ಸಲ ಪಡೆದವರು. 1931ರಲ್ಲಿ ನಿವೃತ್ತರಾಗಿ, ತಾನು ಇಷ್ಟು ವರ್ಷ ಮಾಡಿದ್ದು ದೊಡ್ಡ ಬಂಡವಾಳಗಾರರ ಪರವಾಗಿ ರೌಡಿಗಿರಿ ಎಂದು ಊರೂರು ಸುತ್ತಿ ಸಾರಿದರು. ಅವರಿಗೂ ಮರೀನ್ ದಳದ ಮುಖ್ಯಸ್ಥನ ಹುದ್ದೆ ತಪ್ಪಿತ್ತು, ಅವರ ಬಗ್ಗೆಯೂ ಸಿಟ್ಟಿನ ಮಾತು ಎಂದೇ ಹೇಳಿದರು. ಬಟ್ಲರ್ ಆರ್ಭಟಿಸುತ್ತಿದ್ದರು, ಬೇಸವಿಚ್ ಅಡಿಟಿಪ್ಪಣಿ ಹಾಕುತ್ತಾರೆ. ವ್ಯತ್ಯಾಸ ಮುಖ್ಯವಾಗಿ ಅದು. 1932ರಲ್ಲಿ ಸೆನೆಟ್‌ಗೆ ನಿಲ್ಲಲು ಹೊರಟು ಪಕ್ಷದೊಳಗಿನ ಚುನಾವಣೆಯಲ್ಲೇ ಬಟ್ಲರ್ ಸೋತರು. ನಮ್ಮ ಕೊಡಗಿನ ಕಾರ್ಯಪ್ಪನವರೂ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತದ್ದು ನೆನಪಿರಬಹುದು. ಸಮವಸ್ತ್ರಕ್ಕೆ ಸೆಲ್ಯೂಟ್ ಹೊಡೆಯುವ ಜನ ಮತ ಹಾಕುವಾಗ ಬೇರೆಯೇ ಲೆಕ್ಕ ಹಾಕುತ್ತಾರೆ.

ಬೇಸವಿಚ್ ಚುನಾವಣೆಗೆ ಇಳಿಯಲಿಲ್ಲ. 2019ರಲ್ಲಿ ವಾಷಿಂಗ್ಟನ್‌ನಲ್ಲಿ ಕ್ವಿನ್ಸಿ ಇನ್‌ಸ್ಟಿಟ್ಯೂಟ್ ಎಂಬ ಅಧ್ಯಯನ ಸಂಸ್ಥೆ ಹುಟ್ಟುಹಾಕಿದವರಲ್ಲಿ ಒಬ್ಬರಾಗಿ ಅದರ ಅಧ್ಯಕ್ಷರಾದರು. ಕೊಲ್ಲಲು ರಾಕ್ಷಸರನ್ನು ಹುಡುಕಿಕೊಂಡು ಅಮೆರಿಕ ಪರದೇಶಕ್ಕೆ ಹೋಗುವುದಿಲ್ಲ ಎಂದು 1821ರಲ್ಲಿ ಭಾಷಣ ಮಾಡಿದ್ದ, ಮುಂದೆ ಅಧ್ಯಕ್ಷರಾದ ಜಾನ್ ಕ್ವಿನ್ಸಿ ಆ್ಯಡಮ್ಸ್ ಹೆಸರು ಅದಕ್ಕೆ. ಎಡದ ಜಾರ್ಜ್ ಸೊರೊಸ್ ಮತ್ತು ಬಲದ ಚಾರ್ಲ್ಸ್ ಕೋಕ್, ಎಣ್ಣೆ ಸೀಗೆಕಾಯಿಯಂತಿರುವ ಇಬ್ಬರು ಕೋಟ್ಯಧೀಶರ ಪ್ರತಿಷ್ಠಾನಗಳೂ ತಲಾ ಐದು ಲಕ್ಷ ಡಾಲರ್ ಕೊಟ್ಟದ್ದು ಆಗ ದೊಡ್ಡ ಸುದ್ದಿ. ಬೇಸವಿಚ್ ಎಡವೋ ಬಲವೋ ಎಂದು ಕೇಳುವವರಿಗೆ ಅದೇ ಉತ್ತರವೂ ಆಗಿತ್ತು.

ಅವರ ದೌರ್ಬಲ್ಯ ಕಂಡದ್ದೂ ಅಲ್ಲೇ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ ಕ್ವಿನ್ಸಿಯೊಳಗೆ ಬಿರುಕು ಬಿಟ್ಟಿತು. ಅಣ್ವಸ್ತ್ರ ನಿಯಂತ್ರಣದ ಹಳೇ ತಜ್ಞ ಜೋಸೆಫ್ ಸಿರಿನ್ಸಿಯೋನಿ, ಸಂಸ್ಥೆ ರಷ್ಯಾದ ದೌರ್ಜನ್ಯವನ್ನು ಹಗುರ ಮಾಡಿ ಅಮೆರಿಕ-ನೇಟೊಗಳ ತಪ್ಪನ್ನೇ ಹುಡುಕುತ್ತಿದೆ ಎಂದು ಹೊರಬಂದರು. ನಿವೃತ್ತ ಮೇಜರ್ ಜನರಲ್ ಪಾಲ್ ಈಟನ್ ಕೂಡ ಬಿಟ್ಟರು. ಈಟನ್ ಸಾಮಾನ್ಯರಲ್ಲ; ಇರಾಕಿ ಸೇನೆಗೆ ತರಬೇತಿ ಕೊಟ್ಟು ಬಂದು, 2006ರಲ್ಲಿ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಅವರ ರಾಜೀನಾಮೆ ಕೇಳಿದ ಜನರಲ್‌ಗಳಲ್ಲಿ ಒಬ್ಬರು. ಅಂದರೆ ಇರಾಕಿನ ಪಾಠ ಕಲಿತ ಇಬ್ಬರು ಮಾಜಿ ಸೈನಿಕರು, ಬೇಸವಿಚ್ ಮತ್ತು ಈಟನ್, ಉಕ್ರೇನಿನ ವಿಷಯದಲ್ಲಿ ಎರಡು ದಿಕ್ಕು ಹಿಡಿದರು. ಈ ವಿಷಯದಲ್ಲಿ ನನ್ನ ಮತ ಈಟನ್ ಕಡೆಗೆ. ಅಮೆರಿಕ ಎಲ್ಲಿ ಕೈ ಹಾಕಿದರೂ ಕೆಡುತ್ತದೆ ಎಂಬುದು ನಲವತ್ತು ವರ್ಷದ ಅನುಭವದಿಂದ ಬಂದ ತೀರ್ಮಾನವಾದರೂ, ಒಬ್ಬ ನೆರೆಯವನು ಇನ್ನೊಬ್ಬನ ಮನೆಗೆ ನುಗ್ಗಿದಾಗ ಆ ತೀರ್ಮಾನವೊಂದೇ ಸಾಲದು. ಬರ್ಲಿನ್‌ನಲ್ಲಿ ಹಳೇ ಪಾಠ ಮರೆತವರಿಗೆ ಹೊಸ ಪಾಠವನ್ನು ಮರೆಯುವುದು ಅಷ್ಟು ಸುಲಭವಾಗಲಿಲ್ಲ.

ಅವರ ಮಾತಿನಲ್ಲಿ ಯಾರಿಗೂ ರುಚಿಸದ ಭಾಗ ಇನ್ನೊಂದಿದೆ, ನನ್ನ ಪ್ರಕಾರ ಅದೇ ಮುಖ್ಯವಾದದ್ದು. 2011ರ ಜುಲೈ 4, ಸ್ವಾತಂತ್ರ್ಯ ದಿನ, ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಬೇಸ್‌ಬಾಲ್ ಮೈದಾನ. ಆಟಕ್ಕೆ ಮುಂಚೆ ನೌಕಾಪಡೆಯ ಯುವತಿಯೊಬ್ಬಳ ಮನೆಯವರನ್ನು ಅಂಗಳಕ್ಕೆ ಕರೆದರು. ಯುದ್ಧನೌಕೆಯಿಂದ ಆಕೆ ಕಳಿಸಿದ ಶುಭಾಶಯ ದೊಡ್ಡ ಪರದೆಯ ಮೇಲೆ ಬಂತು. ಅದು ಮುಗಿಯುವಷ್ಟರಲ್ಲಿ ಗೋಡೆಗೆ ಇಳಿಬಿಟ್ಟಿದ್ದ ಭಾರೀ ಧ್ವಜದ ಹಿಂದಿನಿಂದ ಆಕೆಯೇ ಹೊರಬಂದಳು. ಅಪ್ಪುಗೆ, ಕಣ್ಣೀರು, ಮೈದಾನ ಬಿರಿಯುವಂಥ ಚಪ್ಪಾಳೆ. ಆ ಕುಟುಂಬದ ಸಂತೋಷ ನಿಜ ಎಂದೇ ಬೇಸವಿಚ್ ಬರೆದರು. ಆದರೆ ನೋಡಿದವರಿಗೆ ಅದು ಅಗ್ಗದ ಪಾಪನಿವೇದನೆ: ಎರಡು ನಿಮಿಷ ಎದ್ದು ನಿಂತು ಚಪ್ಪಾಳೆ ತಟ್ಟಿದರೆ, ಹತ್ತು ವರ್ಷದಿಂದ ನಡೆಯುತ್ತಿರುವ ಯುದ್ಧ ಏಕೆ ಎಂದು ಕೇಳದೆ ಆಟ ನೋಡಬಹುದು.

1973ರಲ್ಲಿ ಕಡ್ಡಾಯ ಸೇನಾ ಸೇವೆ ನಿಂತ ಮೇಲೆ ಅಮೆರಿಕದಲ್ಲಿ ಸೇನೆಗೆ ಹೋಗುವುದು ಇಷ್ಟವಿದ್ದವರ ಅಥವಾ ಬೇರೆ ದಾರಿಯಿಲ್ಲದವರ ಕೆಲಸ. ಈಗ ಸಮವಸ್ತ್ರದಲ್ಲಿರುವವರು ಜನಸಂಖ್ಯೆಯ ಶೇ 1ಕ್ಕಿಂತ ಕಡಿಮೆ. ಉಳಿದವರ ಮಕ್ಕಳಿಗೆ ಯುದ್ಧದ ಬಿಸಿ ತಟ್ಟುವುದಿಲ್ಲ, ತೆರಿಗೆಯೂ ಏರುವುದಿಲ್ಲ, ಯುದ್ಧ ಸಾಲದ ಮೇಲೆ ನಡೆಯುತ್ತದೆ. ಆದ್ದರಿಂದ ಎಲ್ಲ ವರ್ಗದ ಯುವಕರೂ ಸೇನೆಯಲ್ಲೋ ನಾಗರಿಕ ಕೆಲಸದಲ್ಲೋ ಕಡ್ಡಾಯವಾಗಿ ಸೇವೆ ಮಾಡಬೇಕು, ಯುದ್ಧದ ಖರ್ಚನ್ನು ನಡೆಯುವಾಗಲೇ ತೆರಿಗೆಯಿಂದ ಕಟ್ಟಬೇಕು ಎನ್ನುತ್ತಾರೆ ಬೇಸವಿಚ್. ಆಗ ಅಧ್ಯಕ್ಷರು ಬಾಂಬ್ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಸೇನಾಧಿಕಾರಿಗಳಿಗೆ ಇದು ಬೇಡ, ಒಲ್ಲದ ಸೈನಿಕರನ್ನು ಕಟ್ಟಿಕೊಂಡು ಏನು ಮಾಡುವುದು? ಯುದ್ಧವಿರೋಧಿಗಳಿಗೆ ಬೇಡ, ಮಕ್ಕಳನ್ನು ಬಲವಂತವಾಗಿ ಸೇನೆಗೆ ಕಳಿಸುವುದು ಯಾವ ಶಾಂತಿ? ಯುದ್ಧಪ್ರಿಯರಿಗಂತೂ ಬೇಡವೇ ಬೇಡ. ಸೇನೆಗೆ ಸೇರುವವರೇ ಇಲ್ಲವಾಗಿ, 2022ರಲ್ಲಿ 60,000 ಜನರ ಭರ್ತಿಯ ಗುರಿಗೆ 15,000 ಕಡಿಮೆ ಬಿದ್ದಾಗಲೂ ಯಾವ ಪಕ್ಷವೂ ಈ ಮಾತೆತ್ತಲಿಲ್ಲ.

ಮೊದಲು ಎತ್ತಿದವರೊಬ್ಬರಿದ್ದರು, ಕೊರಿಯಾ ಯುದ್ಧದಲ್ಲಿ ಗಾಯಗೊಂಡು ಬಂದು ನ್ಯೂಯಾರ್ಕ್‌ನ ಸಂಸದರಾದ ಚಾರ್ಲ್ಸ್ ರ್‍ಯಾಂಗೆಲ್. ಬಡವರ ಮಕ್ಕಳನ್ನೇ ಯುದ್ಧಕ್ಕೆ ಕಳಿಸುವುದು ಸಾಕು ಎಂದು ಕಡ್ಡಾಯ ಸೇವೆಯನ್ನು ಮತ್ತೆ ತರುವ ಮಸೂದೆ ಮಂಡಿಸಿದ್ದರು. ಚರ್ಚೆ, ಅಹವಾಲು ಏನೂ ಇಲ್ಲದೆ 2004ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ತಿಂಗಳಿರುವಾಗ, ರಿಪಬ್ಲಿಕನ್ನರು ಅದನ್ನು ಮತಕ್ಕೆ ಹಾಕಿದರು. ಪರವಾಗಿ ಬಿದ್ದದ್ದು 2 ಮತ, ವಿರುದ್ಧ 402. ಆ 402ರಲ್ಲಿ, ಅವಸರದ ನಾಟಕವನ್ನು ಪ್ರತಿಭಟಿಸಿ, ರ್‍ಯಾಂಗೆಲ್ ಅವರದೂ ಒಂದಿತ್ತು.